ಸ್ಕೋಮೆಟ್ ರಫ್ತು ಪರವಾನಗಿ: ಕಡತದ ಗೋಪ್ಯತೆ, ಶುದ್ಧ ನಡತೆ – ಹೆಜ್ಜೆ ಹೆಜ್ಜೆಯಾಗಿ ಒಂದು ಸಮಗ್ರ ಮಾರ್ಗದರ್ಶಿ

ಪೀಣ್ಯದಲ್ಲಿ ನಿಕ್ಕಲ್ ಮಿಶ್ರಲೋಹದ ಕವಾಟಗಳನ್ನು ತಯಾರಿಸುವ ಸಣ್ಣ ಘಟಕವೊಂದರ ಮಾಲೀಕರು ಒಮ್ಮೆ ನನ್ನನ್ನು ಕರೆಸಿ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಅವರ ವಿದೇಶಿ ಖರೀದಿದಾರನಿಗೆ ಬೇರೊಬ್ಬ ತಯಾರಕ ಕಳುಹಿಸಿದ್ದ ದರಪಟ್ಟಿ ಅದು. ಇವರ ಮಾದರಿ ಸಂಖ್ಯೆ, ಇವರದೇ ಪ್ರಮಾಣ, ದರ ಮಾತ್ರ ತುಸು ಕಡಿಮೆ. ದೆಹಲಿಗೆ ಕಳುಹಿಸಿದ ಪರವಾನಗಿ ಅರ್ಜಿಯೇ ಅಲ್ಲಿಂದ ಸೋರಿಹೋಗಿದೆ ಎಂದು ಅವರು ನಂಬಿಬಿಟ್ಟಿದ್ದರು. ನಾಲ್ಕು ದಿನ ಕೂತು ಒಂದೊಂದೇ ಎಳೆ ಬಿಡಿಸಿದಾಗ ಸಿಕ್ಕಿದ್ದು ಬೇರೆ. ಖರೀದಿದಾರನ ಪ್ರಮಾಣಪತ್ರದ ಮೊಬೈಲ್ ಚಿತ್ರವನ್ನು ಅವರದೇ ಕಚೇರಿಯವರು ಸಾಗಣೆ ಏಜೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರು. ಆ ಗುಂಪಿನಲ್ಲಿ ಅರುವತ್ತಕ್ಕೂ ಹೆಚ್ಚು ಜನರಿದ್ದರು.

ಆ ಪ್ರಸಂಗದ ನಂತರ ನಾನು ಯಾರಿಗೆ ಸ್ಕೋಮೆಟ್ (ಅಸ್ತ್ರ ತಯಾರಿಕೆಗೂ ಒದಗಬಲ್ಲ ವಸ್ತುಗಳ ನಿಯಂತ್ರಿತ ಪಟ್ಟಿ) ಅರ್ಜಿ ಸಿದ್ಧಪಡಿಸಿಕೊಟ್ಟರೂ ಮೊದಲು ಹೇಳುವ ಮಾತು ಒಂದೇ: ಸರ್ಕಾರಕ್ಕೆ ಎಲ್ಲವನ್ನೂ ಹೇಳಿ, ಉಳಿದವರಿಂದ ಎಲ್ಲವನ್ನೂ ಕಾಪಾಡಿ. ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ. ಪರವಾನಗಿ ಅಧಿಕಾರಿಯಿಂದ ಬಳಕೆದಾರನ ವಿವರ ಮುಚ್ಚಿಡುತ್ತಾರೆ, ಅದೇ ವಿವರವನ್ನು ಏಜೆಂಟ್, ಮುದ್ರಕ, ಭಾಷಾಂತರಕಾರ ಎಲ್ಲರ ಕೈಗೂ ಕೊಡುತ್ತಾರೆ. ಈ ಬರಹ ರಫ್ತು ಮಾಡುವ ಸಣ್ಣ ಮತ್ತು ಮಧ್ಯಮ ಘಟಕಗಳವರಿಗಾಗಿ, ಅವರ ಪರವಾಗಿ ಅರ್ಜಿ ಹಾಕುವ ಸಲಹೆಗಾರರಿಗಾಗಿ. ಕಡತದ ಆಚೆ ಬದಿಯಲ್ಲಿ ಕೂತ ಅಧಿಕಾರಿಗಳಿಗೂ ಇದರಲ್ಲಿ ಒಂದು ಭಾಗ ಇದೆ.

ಮೊದಲು ತಿಳಿಯಬೇಕಾದ ನೆಲೆಗಟ್ಟು

ಸ್ಕೋಮೆಟ್ ಎಂದರೆ ವಿಶೇಷ ರಾಸಾಯನಿಕಗಳು, ಜೀವಿಗಳು, ಸಾಮಗ್ರಿಗಳು, ಉಪಕರಣಗಳು ಮತ್ತು ತಂತ್ರಜ್ಞಾನಗಳ ಪಟ್ಟಿ. ಶಾಂತಿಯ ಕೆಲಸಕ್ಕೂ ಅಸ್ತ್ರ ತಯಾರಿಕೆಗೂ ಒದಗಬಲ್ಲ ವಸ್ತುಗಳು ಇದರಲ್ಲಿವೆ. ಹಿಂದೆ ಹೇಳಿದ ಕವಾಟವನ್ನೇ ತೆಗೆದುಕೊಳ್ಳಿ. ಆಮ್ಲಕ್ಕೆ ಕರಗದ ಲೋಹದಿಂದ ಮಾಡಿದ ಕವಾಟ ಔಷಧ ಕಾರ್ಖಾನೆಗೆ ಬೇಕು, ವಿಷಾನಿಲ ತಯಾರಿಸುವವನಿಗೂ ಬೇಕು. 1992ರ ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ಮತ್ತು 2005ರ ಸಾಮೂಹಿಕ ವಿನಾಶಕ ಅಸ್ತ್ರಗಳ ಕಾಯ್ದೆ ಈ ವ್ಯವಸ್ಥೆಯ ಎರಡು ಕಂಬಗಳು. 2010ರ ತಿದ್ದುಪಡಿಯಲ್ಲಿ ಮೊದಲನೆಯ ಕಾಯ್ದೆಗೆ ಇದಕ್ಕೆಂದೇ ಒಂದು ಅಧ್ಯಾಯ ಸೇರಿತು. 2023ರ ವಿದೇಶಿ ವ್ಯಾಪಾರ ನೀತಿಯಲ್ಲಿ 10ನೇ ಅಧ್ಯಾಯ ಪೂರ್ತಿ ಇದೇ ವಿಷಯದ್ದು.

ಪಟ್ಟಿಯಲ್ಲಿ 0ಯಿಂದ 8ರವರೆಗೆ ವರ್ಗಗಳಿವೆ. 0 ವರ್ಗದ ಪರಮಾಣು ಸಾಮಗ್ರಿಗೆ ಪರಮಾಣು ಶಕ್ತಿ ಇಲಾಖೆ, 6ನೇ ವರ್ಗದ ಯುದ್ಧಸಾಮಗ್ರಿಗೆ ರಕ್ಷಣಾ ಉತ್ಪಾದನಾ ಇಲಾಖೆ ಪರವಾನಗಿ ಕೊಡುತ್ತವೆ. ಉಳಿದ ಬಹುಪಾಲು ಅರ್ಜಿಗಳು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಎಫ್‌ಟಿಗೆ ಹೋಗುತ್ತವೆ. ಕೋರಮಂಗಲದ ಕೇಂದ್ರೀಯ ಸದನದಲ್ಲಿ ಅದರ ಪ್ರಾದೇಶಿಕ ಕಚೇರಿ ಇದ್ದರೂ ಸ್ಕೋಮೆಟ್ ತೀರ್ಮಾನ ಆಗುವುದು ದೆಹಲಿಯ ಕೇಂದ್ರ ಕಚೇರಿಯಲ್ಲಿ. ಅಲ್ಲಿ ಅಂತರ ಸಚಿವಾಲಯ ಕಾರ್ಯತಂಡ ಕೂತು ಅರ್ಜಿಗಳನ್ನು ಪರಿಶೀಲಿಸುತ್ತದೆ. ವಿದೇಶಾಂಗ ಸಚಿವಾಲಯ, ಡಿಆರ್‌ಡಿಒ, ಇಸ್ರೋ, ಪರಮಾಣು ಶಕ್ತಿ ಇಲಾಖೆಗಳ ಪ್ರತಿನಿಧಿಗಳು ಅದರಲ್ಲಿರುತ್ತಾರೆ. ಗೋಪ್ಯತೆಯ ದೃಷ್ಟಿಯಿಂದ ಇದರ ಅರ್ಥ ಇಷ್ಟು: ನಿಮ್ಮ ಅರ್ಜಿಯನ್ನು ಒಬ್ಬ ಅಧಿಕಾರಿಯಲ್ಲ, ಹಲವು ಇಲಾಖೆಗಳ ತಜ್ಞರು ಓದುತ್ತಾರೆ. ಓದಲೇಬೇಕು. ಅದಕ್ಕೆ ತಕ್ಕಂತೆ ನೀವು ಕಾಗದಗಳನ್ನು ಜೋಡಿಸಬೇಕು.

ಅಮೆರಿಕದಲ್ಲಿ 2018ರ ರಫ್ತು ನಿಯಂತ್ರಣ ಸುಧಾರಣಾ ಕಾಯ್ದೆಯಲ್ಲೇ ಪರವಾನಗಿ ಅರ್ಜಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂಬ ನೇರ ವಿಧಿ ಇದೆ. ನಮ್ಮಲ್ಲಿ ಆ ರಕ್ಷಣೆ ಮಾಹಿತಿ ಹಕ್ಕು ಕಾಯ್ದೆ, ಅಧಿಕೃತ ರಹಸ್ಯಗಳ ಕಾಯ್ದೆ, ಸರ್ಕಾರಿ ನೌಕರರ ನಡತೆ ನಿಯಮಗಳು, ಕಸ್ಟಮ್ಸ್ ಕಾಯ್ದೆ ಹೀಗೆ ನಾಲ್ಕಾರು ಕಡೆ ಹರಡಿಕೊಂಡಿದೆ. ಯಾವುದು ಎಲ್ಲಿ ಸಿಗುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಅದು ಒದಗುತ್ತದೆ.

ಹೆಜ್ಜೆ 1: ಗುಟ್ಟು ಯಾವುದು ಎಂದು ಬರೆದಿಡಿ

ಅರ್ಜಿ ನಮೂನೆ ತೆರೆಯುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಕಡತದಲ್ಲಿ ಹೋಗುವ ಪ್ರತಿಯೊಂದು ಕಾಗದದ ಹೆಸರು ಬರೆದು, ಅದು ಹೊರಬಿದ್ದರೆ ಯಾರಿಗೆ ನಷ್ಟ ಎಂದು ಪಕ್ಕದಲ್ಲಿ ಬರೆಯಿರಿ. ದರ ಮತ್ತು ಖರೀದಿ ಆದೇಶ ಹೊರಬಿದ್ದರೆ ನಿಮಗೆ ನಷ್ಟ. ತಾಂತ್ರಿಕ ನಕ್ಷೆ ಖರೀದಿದಾರನದಾಗಿದ್ದರೆ ಅವನಿಗೂ ನಷ್ಟ. ಬಳಕೆಯ ಸ್ಥಳ, ಕಾರ್ಖಾನೆಯ ವಿಳಾಸ, ಯಾವ ಪ್ರಕ್ರಿಯೆಯಲ್ಲಿ ಬಳಸುತ್ತಾರೆ ಎಂಬ ವಿವರ ಹೊರಬಿದ್ದರೆ ಕೆಲವೊಮ್ಮೆ ದೇಶಕ್ಕೇ ನಷ್ಟ.

ಕಂಪನಿಯ ಹೆಸರು, ಐಇಸಿ (ಆಮದು-ರಫ್ತುದಾರರ ಗುರುತು) ಸಂಖ್ಯೆ, ಮಾರಾಟ ಪುಸ್ತಿಕೆಯಲ್ಲಿ ಮುದ್ರಿಸಿದ ವಿವರ ಇವೆಲ್ಲ ಗುಟ್ಟಲ್ಲ. ಎಲ್ಲದರ ಮೇಲೂ ‘ಗೋಪ್ಯ’ ಎಂದು ಮೊಹರು ಒತ್ತುವವರನ್ನು ಕಂಡಿದ್ದೇನೆ. ಎಲ್ಲವೂ ಗೋಪ್ಯವಾದರೆ ಮುಂದೆ ನಿಜವಾಗಿ ಕಾಪಾಡಬೇಕಾದ ಎರಡು ಪುಟಗಳ ಬಗ್ಗೆ ನೀವು ಹೇಳುವ ಮಾತಿಗೂ ತೂಕ ಇರುವುದಿಲ್ಲ.

ಹೆಜ್ಜೆ 2: ಖರೀದಿದಾರನ ಜತೆಗಿನ ಗೋಪ್ಯತಾ ಒಪ್ಪಂದವನ್ನು ತಿದ್ದಿ

ವಿದೇಶಿ ಖರೀದಿದಾರರು ಕಳುಹಿಸುವ ಗೋಪ್ಯತಾ ಒಪ್ಪಂದದಲ್ಲಿ ಸಾಮಾನ್ಯವಾಗಿ ‘ಯಾವ ಮೂರನೇ ವ್ಯಕ್ತಿಗೂ ತಿಳಿಸತಕ್ಕದ್ದಲ್ಲ’ ಎಂದಿರುತ್ತದೆ. ಹಾಗೆಯೇ ಸಹಿ ಹಾಕಿದರೆ ಮುಂದೆ ಇಕ್ಕಟ್ಟು. ಪರವಾನಗಿ ಅಧಿಕಾರಿ ನಕ್ಷೆ ಕೇಳಿದಾಗ ಕೊಟ್ಟರೆ ಒಪ್ಪಂದ ಮುರಿದಂತೆ, ಕೊಡದಿದ್ದರೆ ಅರ್ಜಿ ಅಲ್ಲೇ ನಿಂತಂತೆ. ಸಹಿಗೆ ಮುನ್ನವೇ ಒಂದು ಸಾಲು ಸೇರಿಸಿ: ಭಾರತ ಸರ್ಕಾರದ ರಫ್ತು ಪರವಾನಗಿ, ಕಸ್ಟಮ್ಸ್ ಮತ್ತು ತನಿಖಾ ಪ್ರಾಧಿಕಾರಗಳಿಗೆ ಅಗತ್ಯ ಮಾಹಿತಿ ಒದಗಿಸಲು ಈ ಒಪ್ಪಂದ ಅಡ್ಡಿಯಾಗುವುದಿಲ್ಲ. ಪ್ರಾಮಾಣಿಕ ಖರೀದಿದಾರ ಇದಕ್ಕೆ ಒಪ್ಪುತ್ತಾನೆ. ಒಪ್ಪದೆ ಹಟ ಹಿಡಿದರೆ, ವ್ಯವಹಾರದ ಮೊತ್ತ ಎಷ್ಟೇ ದೊಡ್ಡದಿರಲಿ, ನಾನು ಅಲ್ಲಿಗೆ ನಿಲ್ಲಿಸಿ ಎನ್ನುತ್ತೇನೆ.

ಬೆಂಗಳೂರಿನ ಚಿಪ್ ವಿನ್ಯಾಸ ಮತ್ತು ಎಂಜಿನಿಯರಿಂಗ್ ಸೇವಾ ಘಟಕಗಳಿಗೆ ಈ ಹೆಜ್ಜೆ ಇನ್ನೂ ಮುಖ್ಯ. ನಿಯಂತ್ರಿತ ತಂತ್ರಜ್ಞಾನದ ನಕ್ಷೆಯನ್ನು ಇಮೇಲ್‌ನಲ್ಲಿ ವಿದೇಶಕ್ಕೆ ಕಳುಹಿಸಿದರೂ ಅದು ರಫ್ತೇ. ಹಡಗು, ವಿಮಾನ, ಪೆಟ್ಟಿಗೆ ಯಾವುದೂ ಬೇಕಿಲ್ಲ. ಮಾತೃ ಕಂಪನಿಗೆ ಕಳುಹಿಸುವುದು ‘ಮನೆಯೊಳಗಿನ ವ್ಯವಹಾರ’ ಎಂದು ಭಾವಿಸಿದವರು ಬಹಳ. 2019ರಿಂದ ಕಂಪನಿ ಸಮೂಹದೊಳಗಿನ ವರ್ಗಾವಣೆಗೆಂದೇ ಸಾಮಾನ್ಯ ಅನುಮತಿಯ ದಾರಿ ಇದೆ. ಅದಕ್ಕೂ ಎರಡು ಕಂಪನಿಗಳ ನಡುವಿನ ಮೂಲ ಒಪ್ಪಂದವನ್ನು ಮುಂದಿಡಬೇಕಾಗುತ್ತದೆ, ಆದ್ದರಿಂದ ಆ ಒಪ್ಪಂದದಲ್ಲೂ ಇದೇ ಸಾಲು ಇರಲಿ.

ಹೆಜ್ಜೆ 3: ಅಂತಿಮ ಬಳಕೆ ಪ್ರಮಾಣಪತ್ರವನ್ನು ಸುಳ್ಳಿಲ್ಲದೆ ಪಡೆಯಿರಿ

ಇಡೀ ಅರ್ಜಿಯ ಜೀವ ಇರುವುದು ಇಲ್ಲಿ. ಸರಕನ್ನು ಕೊನೆಗೆ ಬಳಸುವವನು ತನ್ನ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿ ಕೊಡುವ ಮಾತು ಇದು: ಹೇಳಿದ ಉದ್ದೇಶಕ್ಕೆ ಮಾತ್ರ ಬಳಸುತ್ತೇನೆ, ಭಾರತ ಸರ್ಕಾರದ ಒಪ್ಪಿಗೆ ಇಲ್ಲದೆ ಬಳಕೆಯನ್ನು ಬದಲಿಸುವುದಿಲ್ಲ, ವಸ್ತುವನ್ನಾಗಲಿ ಅದರ ಪ್ರತಿಯನ್ನಾಗಲಿ ಬೇರೆಯವರಿಗೆ ದಾಟಿಸುವುದಿಲ್ಲ, ಬೇಕೆಂದಾಗ ಪರಿಶೀಲನೆಗೆ ಅನುವು ಮಾಡಿಕೊಡುತ್ತೇನೆ.

ಇದನ್ನು ನೀವೇ ಟೈಪ್ ಮಾಡಿ ‘ಇಲ್ಲಿ ಸಹಿ ಹಾಕಿ’ ಎಂದು ಕಳುಹಿಸುವ ರೂಢಿ ಬಿಡಿ. ನಮೂನೆ ಕಳುಹಿಸಬಹುದು, ಬಳಕೆಯ ವಿವರವನ್ನು ಮಾತ್ರ ಅವರೇ ತುಂಬಬೇಕು. ಮಧ್ಯವರ್ತಿ ವ್ಯಾಪಾರಿ ‘ನಮ್ಮ ಗ್ರಾಹಕರ ಹೆಸರು ಹೇಳಲಾಗದು, ನಾವೇ ಅಂತಿಮ ಬಳಕೆದಾರರೆಂದು ಬರೆದುಕೊಡುತ್ತೇವೆ’ ಎಂದರೆ ಅಲ್ಲಿ ವ್ಯಾಪಾರದ ಗುಟ್ಟು ಕಾಪಾಡಿದಂತಾಗುವುದಿಲ್ಲ, ಸರ್ಕಾರದ ಮುಂದೆ ಸುಳ್ಳು ಹೇಳಿದಂತಾಗುತ್ತದೆ. ಇದಕ್ಕೊಂದು ನ್ಯಾಯವಾದ ದಾರಿ ಇದೆ. ಗ್ರಾಹಕನನ್ನು ನಿಮಗೆ ತೋರಿಸಿದರೆ ನಾಳೆ ನೀವು ನೇರವಾಗಿ ಮಾರುತ್ತೀರಿ ಎಂಬ ಭಯ ವ್ಯಾಪಾರಿಗೆ ಇರುತ್ತದೆ. ನಿಗದಿತ ಕಾಲ ಅವನ ಗ್ರಾಹಕನನ್ನು ನೇರವಾಗಿ ಸಂಪರ್ಕಿಸುವುದಿಲ್ಲ ಎಂದು ಲಿಖಿತವಾಗಿ ಬರೆದುಕೊಡಿ. ಆ ಭರವಸೆ ಸಿಕ್ಕ ಮೇಲೆ ಹೆಸರು ಕೊಟ್ಟವರನ್ನು ನಾನು ಹಲವರನ್ನು ನೋಡಿದ್ದೇನೆ.

ಸುಳ್ಳು ವಿವರ ಕೊಟ್ಟು ಪಡೆದ ಪರವಾನಗಿ ರದ್ದಾಗಬಹುದು, ಐಇಸಿ ಅಮಾನತಾಗಬಹುದು. ವಿದೇಶಿ ವ್ಯಾಪಾರ ಕಾಯ್ದೆಯ 11ನೇ ಕಲಮಿನಡಿ ದಂಡ 10,000 ರೂಪಾಯಿಯಿಂದ ಹಿಡಿದು ಸರಕಿನ ಮೌಲ್ಯದ 5 ಪಟ್ಟಿನವರೆಗೆ ಹೋಗಬಹುದು. ಅಸ್ತ್ರ ತಯಾರಿಕೆಗೆ ನೆರವಾದ ಆರೋಪ ಬಂದರೆ 2005ರ ಕಾಯ್ದೆಯಡಿ ಜೈಲು. ಹಣದ ಲೆಕ್ಕ ಬಿಡಿ, ನೀವು ಕಡೆದ ಲೋಹದ ತುಂಡೊಂದು ಯಾವುದೋ ಊರಿನ ಮಕ್ಕಳ ಉಸಿರು ನಿಲ್ಲಿಸುವ ಯಂತ್ರದಲ್ಲಿ ಕೂತಿದೆ ಎಂದು ತಿಳಿದ ದಿನ ಏನು ಮಾಡುತ್ತೀರಿ? ಈ ನಿಯಮಗಳೆಲ್ಲ ಹುಟ್ಟಿದ್ದು ಆ ದಿನ ಬಾರದಿರಲಿ ಎಂದೇ.

ಹೆಜ್ಜೆ 4: ಅರ್ಜಿಯನ್ನು ಎರಡು ಕಟ್ಟಾಗಿ ಮಾಡಿ

ಸಾರ್ವಜನಿಕವಾದರೂ ಅಡ್ಡಿಯಿಲ್ಲದ ಮಾಹಿತಿ ಒಂದು ಕಟ್ಟು, ದರ, ನಕ್ಷೆ, ಬಳಕೆದಾರನ ತಾಂತ್ರಿಕ ವಿವರ ಇನ್ನೊಂದು ಕಟ್ಟು. ಎರಡನೆಯದರ ಪ್ರತಿ ಪುಟದ ಮೇಲ್ಭಾಗದಲ್ಲಿ ಹೀಗೆ ಮುದ್ರಿಸಿ: ‘ವಾಣಿಜ್ಯ ಗೋಪ್ಯ ಮಾಹಿತಿ – ರಫ್ತು ಪರವಾನಗಿ ಪರಿಶೀಲನೆಗಾಗಿ ಮಾತ್ರ ಸಲ್ಲಿಸಲಾಗಿದೆ.’ ದೆಹಲಿಗೆ ಹೋಗುವ ಕಾಗದದಲ್ಲಿ ಇದೇ ಸಾಲು ಇಂಗ್ಲಿಷ್‌ನಲ್ಲಿರಲಿ. ಮೊದಲ ಪುಟದಲ್ಲಿ ಮೂರು ಸಾಲಿನ ಕಾರಣ ಕೊಡಿ. ಯಾವ ಪುಟ, ಏಕೆ ಗೋಪ್ಯ, ಹೊರಬಿದ್ದರೆ ಸ್ಪರ್ಧೆಯಲ್ಲಿ ಏನು ಹಾನಿ ಎಂಬುದು ಅಲ್ಲಿ ಸ್ಪಷ್ಟವಾಗಿರಬೇಕು.

ಇದು ಅಲಂಕಾರದ ಮೊಹರಲ್ಲ. ಮಾಹಿತಿ ಹಕ್ಕು ಕಾಯ್ದೆಯ 11ನೇ ಕಲಮು ಮೂರನೇ ವ್ಯಕ್ತಿಯ ಮಾತು ಕೇಳಬೇಕೆಂದು ಹೇಳುವುದು, ಆ ಮಾಹಿತಿಯನ್ನು ಆ ವ್ಯಕ್ತಿ ಗೋಪ್ಯವೆಂದು ಪರಿಗಣಿಸಿರುವಾಗ. ನೀವೇ ಗೋಪ್ಯವೆಂದು ಗುರುತಿಸದ ಕಾಗದವನ್ನು ಮಾಹಿತಿ ಅಧಿಕಾರಿ ಗೋಪ್ಯವೆಂದು ಊಹಿಸಬೇಕೆಂದು ಬಯಸುವುದು ನ್ಯಾಯವಲ್ಲ.

ಪಿಡಿಎಫ್ ಮಾಡುವಾಗ ಒಂದು ಎಚ್ಚರ ಬೇಕು. ಬೇರೆ ಗ್ರಾಹಕರ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಅಕ್ಷರ ಅಳಿಯುವುದಿಲ್ಲ, ಪಟ್ಟಿ ಸರಿಸಿದರೆ ಕೆಳಗೆ ಓದಬಹುದು. ಮೂಲದಲ್ಲೇ ಆ ಸಾಲು ತೆಗೆದು ಹೊಸದಾಗಿ ಪಿಡಿಎಫ್ ಮಾಡಿ.

ಹೆಜ್ಜೆ 5: ಡಿಜಿಟಲ್ ಸಹಿ ಯಾರ ಕೈಯಲ್ಲಿದೆ?

ಅರ್ಜಿ ಡಿಜಿಎಫ್‌ಟಿ ಜಾಲತಾಣದ ಮೂಲಕವೇ ಹೋಗುತ್ತದೆ. ಸಹಿ ಹಾಕುವ ಯುಎಸ್‌ಬಿ ಟೋಕನ್ (ಸಹಿಯ ಗುಪ್ತ ಕೀಲಿ ಇರುವ ಪುಟ್ಟ ಸಾಧನ) ಮಾಲೀಕರ ಬಳಿ ಇರಬೇಕು. ಅನೇಕ ಕಡೆ ಅದು ಸಲಹೆಗಾರರ ಮೇಜಿನ ಖಾನೆಯಲ್ಲಿ, ಹತ್ತು ಕಂಪನಿಗಳ ಟೋಕನ್‌ಗಳ ಜತೆ ರಬ್ಬರ್‌ಬ್ಯಾಂಡ್ ಸುತ್ತಿಕೊಂಡು ಬಿದ್ದಿರುತ್ತದೆ, ಪಾಸ್‌ವರ್ಡ್ ಅದರ ಮೇಲೆಯೇ ಅಂಟಿಸಿರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮಿನ ಪ್ರಕಾರ ಆ ಕೀಲಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವುದು ಸಹಿ ಪಡೆದವನ ಕರ್ತವ್ಯ. ಆ ಟೋಕನ್‌ನಿಂದ ಹೋದ ಪ್ರತಿಯೊಂದು ಹೇಳಿಕೆಯೂ ನಿಮ್ಮದೇ ಎಂದು ಪರಿಗಣಿಸಲಾಗುತ್ತದೆ. ಸಲಹೆಗಾರರು ಕರಡು ತುಂಬಲಿ, ನೀವು ಓದಿ ನಿಮ್ಮ ಕೈಯಾರೆ ಸಹಿ ಹಾಕಿ.

ಸಲಹೆಗಾರರಿಗೂ ಒಂದು ಮಾತು ಹೇಳಬೇಕು, ಇದು ನನ್ನದೇ ವೃತ್ತಿಯ ಮಾತು. ಒಂದೇ ಬಗೆಯ ವಸ್ತು ತಯಾರಿಸುವ ಇಬ್ಬರು ನಮ್ಮ ಬಳಿ ಬಂದಾಗ ಒಬ್ಬರ ಕಡತದಿಂದ ಇನ್ನೊಬ್ಬರಿಗೆ ನಕಲು ಮಾಡಿಕೊಡುವುದು ಸುಲಭ. ‘ಹಿಂದೆ ಒಬ್ಬರಿಗೆ ಹೀಗೆ ಬರೆದಿದ್ದೆ, ಬೇಗ ಸಿಕ್ಕಿತು’ ಎಂಬ ಒಂದು ವಾಕ್ಯದಲ್ಲೇ ಮೊದಲ ಗ್ರಾಹಕನ ಮಾರುಕಟ್ಟೆ ಬಯಲಾಗುತ್ತದೆ. ಇಬ್ಬರಿಗೂ ಮೊದಲೇ ಹೇಳಿ, ಒಪ್ಪದಿದ್ದರೆ ಒಬ್ಬರನ್ನು ಬಿಡಿ. ನಾನು ಹಾಗೆ ಬಿಟ್ಟಿದ್ದೇನೆ.

ಹೆಜ್ಜೆ 6: ಕಡತ ದೆಹಲಿಯಲ್ಲಿರುವಾಗ ಹೇಗೆ ನಡೆದುಕೊಳ್ಳಬೇಕು

ಕಾದು ಕಾದು ಬೇಸತ್ತಾಗಲೇ ಜನ ಎಡವುವುದು. ಕಾರ್ಯತಂಡ ಬಳಕೆದಾರನ ಹಿನ್ನೆಲೆ, ಹೇಳಿದ ಬಳಕೆಯ ನಂಬಿಕೆ, ವಸ್ತು ಭಯೋತ್ಪಾದಕರ ಕೈ ಸೇರುವ ಅಪಾಯ, ಆ ದೇಶದ ರಫ್ತು ನಿಯಂತ್ರಣ ಹೇಗಿದೆ ಎಂಬುದನ್ನೆಲ್ಲ ತೂಗುತ್ತದೆ. ಹೆಚ್ಚಿನ ಮಾಹಿತಿ ಕೇಳಿ ಪ್ರಶ್ನೆ ಬಂದರೆ ಜಾಲತಾಣದಲ್ಲೇ, ಲಿಖಿತವಾಗಿ, ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ದೂರವಾಣಿಯಲ್ಲಿ ವಿವರಣೆ ಕೊಟ್ಟಿದ್ದರೆ ಅದೇ ದಿನ ಅದನ್ನೇ ಬರೆದು ಸಲ್ಲಿಸಿ, ಕಡತದಲ್ಲಿ ಇರಲಿ.

ಕೇಳಬಾರದ ಪ್ರಶ್ನೆಗಳಿವೆ. ‘ಯಾವ ಇಲಾಖೆ ಆಕ್ಷೇಪ ಎತ್ತಿತು?’, ‘ಸಭೆಯಲ್ಲಿ ಯಾರು ಏನೆಂದರು?’, ‘ಇದೇ ದೇಶಕ್ಕೆ ಬೇರೆ ಯಾರಿಗೆ ಪರವಾನಗಿ ಸಿಕ್ಕಿದೆ?’ ಎಂದು ಕೇಳುವುದು ಅಧಿಕಾರಿಯನ್ನು ನಿಯಮ ಮುರಿಯಲು ಎಳೆದಂತೆ. ನಿಮಗೆ ಬೇರೊಬ್ಬರ ಗುಟ್ಟು ಹೇಳುವ ಅಧಿಕಾರಿ ನಿಮ್ಮ ಗುಟ್ಟನ್ನೂ ಬೇರೆಯವರಿಗೆ ಹೇಳಬಲ್ಲ. ಅರ್ಜಿ ಯಾವ ಹಂತದಲ್ಲಿದೆ, ಯಾವ ದಾಖಲೆ ಕಡಿಮೆಯಿದೆ, ತಿರಸ್ಕಾರಕ್ಕೆ ಕಾರಣವೇನು ಎಂಬುದನ್ನು ಕೇಳುವ ಹಕ್ಕು ನಿಮಗಿದೆ. ಅಷ್ಟು ಸಾಕು.

ಹೆಜ್ಜೆ 7: ಸಿಹಿಡಬ್ಬಿ, ಊಟ, ಲಂಚ

ಕೇಂದ್ರ ನಾಗರಿಕ ಸೇವಾ (ನಡತೆ) ನಿಯಮಗಳು 1964ರವು. ಉಡುಗೊರೆಯ ಬಗ್ಗೆ 13ನೇ ನಿಯಮ ಹೇಳುತ್ತದೆ. ಎ ಮತ್ತು ಬಿ ಗುಂಪಿನ ನೌಕರರು 5,000 ರೂಪಾಯಿಗಿಂತ, ಸಿ ಗುಂಪಿನವರು 2,000 ರೂಪಾಯಿಗಿಂತ ಹೆಚ್ಚು ಬೆಲೆಯ ಉಡುಗೊರೆಯನ್ನು ಸರ್ಕಾರದ ಅನುಮತಿ ಇಲ್ಲದೆ ಸ್ವೀಕರಿಸುವಂತಿಲ್ಲ. ಈ ಮಿತಿ 2019ರಲ್ಲಿ ಪರಿಷ್ಕೃತವಾದದ್ದು. ಯಾವಾಗಲೋ ಒಮ್ಮೆ ಕೊಟ್ಟ ಊಟ ಅಥವಾ ವಾಹನದಲ್ಲಿ ಕರೆದೊಯ್ಯುವುದು ಉಡುಗೊರೆಯಲ್ಲ ಎಂದೂ ನಿಯಮದಲ್ಲಿದೆ, ತಮ್ಮೊಡನೆ ಅಧಿಕೃತ ವ್ಯವಹಾರವಿರುವ ಸಂಸ್ಥೆಗಳಿಂದ ಅದ್ದೂರಿ ಅಥವಾ ಪದೇ ಪದೇ ಆತಿಥ್ಯ ಪಡೆಯುವುದನ್ನು ತಪ್ಪಿಸಬೇಕು ಎಂದೂ ಇದೆ.

ಹಾಗಾದರೆ 4,900 ರೂಪಾಯಿಯ ಬೆಳ್ಳಿ ದೀಪ ಕೊಡಬಹುದೇ ಎಂದು ಕೇಳಿದವರಿದ್ದಾರೆ. ಕೊಡಬೇಡಿ. ಆ ಮಿತಿ ಇರುವುದು ಸಾಮಾನ್ಯ ಸಾಮಾಜಿಕ ಬದುಕಿಗೆ. ನಿಮ್ಮ ಅರ್ಜಿ ಅವರ ಮೇಜಿನ ಮೇಲಿರುವಾಗ ನೀವು ಕೊಡುವ ಪ್ರಯೋಜನ ಕೆಲಸಕ್ಕೆ ಪ್ರತಿಫಲವೆಂದು ಸಾಬೀತಾದರೆ ಬೆಲೆ ಎಷ್ಟೆಂಬುದು ಮುಖ್ಯವಾಗುವುದಿಲ್ಲ. ಹಬ್ಬದ ಶುಭಾಶಯ ಪತ್ರ ಕಳುಹಿಸಿ, ಡಬ್ಬಿ ಬೇಡ.

ಲಂಚದ ಕಾನೂನು 2018ರಲ್ಲಿ ಬದಲಾಯಿತು. ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನಡಿ ಈಗ ಕೊಟ್ಟವನೂ ಅಪರಾಧಿ, 7 ವರ್ಷದವರೆಗೆ ಶಿಕ್ಷೆ. ಬಲವಂತದಿಂದ ಕೊಡಬೇಕಾಗಿ ಬಂದಿದ್ದರೆ ಕೊಟ್ಟ 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು, ಆಗ ಮಾತ್ರ ರಕ್ಷಣೆ. ಈ ಏಳು ದಿನದ ಲೆಕ್ಕ ಗೊತ್ತಿರುವ ಉದ್ಯಮಿಗಳು ತೀರಾ ಕಡಿಮೆ. 9ನೇ ಕಲಮಿನ ಪ್ರಕಾರ ನಿಮ್ಮ ಪರವಾಗಿ ಕೆಲಸ ಮಾಡುವ ಏಜೆಂಟ್ ಕೊಟ್ಟರೂ ಕಂಪನಿ ಹೊಣೆ. ತಡೆಯಲು ಸಾಕಷ್ಟು ವ್ಯವಸ್ಥೆ ಮಾಡಿಕೊಂಡಿದ್ದೆವು ಎಂದು ತೋರಿಸುವ ಅವಕಾಶ ಕಂಪನಿಗೆ ಇದೆ, ಅದನ್ನು ತೋರಿಸಲು ಕಾಗದ ಬೇಕು. ಆದ್ದರಿಂದ ಸಲಹೆಗಾರರ ಬಿಲ್ಲಿನಲ್ಲಿ ‘ಇತರೆ ಖರ್ಚು’ ಎಂಬ ಸಾಲು ಕಂಡರೆ ವಿವರ ಕೇಳಿ. ವಿವರ ಬಾರದಿದ್ದರೆ ಹಣ ಕೊಡಬೇಡಿ.

ದೂರು ಎಲ್ಲಿ ಕೊಡಬೇಕು ಎಂಬಲ್ಲಿ ನಮ್ಮ ರಾಜ್ಯದವರು ಪದೇ ಪದೇ ತಪ್ಪು ಬಾಗಿಲು ತಟ್ಟುತ್ತಾರೆ. ಕರ್ನಾಟಕ ಲೋಕಾಯುಕ್ತ ರಾಜ್ಯದ ನೌಕರರಿಗೆ ಸಂಬಂಧಿಸಿದ್ದು. ಡಿಜಿಎಫ್‌ಟಿ, ಕಸ್ಟಮ್ಸ್ ಎರಡೂ ಕೇಂದ್ರದವು, ಇವುಗಳ ವಿಷಯದಲ್ಲಿ ಸಿಬಿಐ ಅಥವಾ ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬೇಕು. ಹೆಸರು ಹೊರಬರಬಾರದೆಂದರೆ 2004ರ ಸರ್ಕಾರಿ ನಿರ್ಣಯದ ಪ್ರಕಾರ ದೂರುದಾರರ ಗುರುತನ್ನು ಗುಟ್ಟಾಗಿಟ್ಟು ದೂರು ಸ್ವೀಕರಿಸುವ ಕ್ರಮ ಜಾಗೃತ ಆಯೋಗದಲ್ಲಿದೆ.

ಹೆಜ್ಜೆ 8: ಕುರ್ಚಿಯ ಆಚೆ ಬದಿಯವರಿಗೆ

ಪರವಾನಗಿ ವಿಭಾಗಕ್ಕೆ ಹೊಸದಾಗಿ ಬಂದ ಅಧಿಕಾರಿಗಳು ಮೊದಲ ವಾರದಲ್ಲೇ ಮಾಡಬೇಕಾದ ಕೆಲಸವೊಂದಿದೆ. ಹೆಂಡತಿ ಅಥವಾ ಗಂಡ, ಮಕ್ಕಳು, ಅಣ್ಣತಮ್ಮಂದಿರು ರಫ್ತು ಕಂಪನಿಗಳಲ್ಲಿ ಕೆಲಸಕ್ಕಿದ್ದಾರೆಯೇ, ಅಂಥ ಕಂಪನಿಯ ಷೇರು ತಮ್ಮ ಬಳಿ ಇದೆಯೇ ಎಂದು ಪಟ್ಟಿ ಮಾಡಿಕೊಳ್ಳುವುದು. ನಡತೆ ನಿಯಮಗಳ 4ನೇ ನಿಯಮದ ಪ್ರಕಾರ ಕುಟುಂಬದವರು ಕೆಲಸಕ್ಕಿರುವ ಅಥವಾ ಹಿತಾಸಕ್ತಿ ಹೊಂದಿರುವ ಸಂಸ್ಥೆಯ ವಿಷಯವನ್ನು ಅಧಿಕಾರಿ ತಾನೇ ನಿರ್ವಹಿಸುವಂತಿಲ್ಲ, ಮೇಲಧಿಕಾರಿಗೆ ಒಪ್ಪಿಸಬೇಕು. ಬೆಂಗಳೂರಿನಂಥ ಊರಿನಿಂದ ಹೋದವರಿಗೆ ಇದು ದೂರದ ಮಾತಲ್ಲ. ಮನೆಗೊಬ್ಬರು ವೈಮಾನಿಕ ಅಥವಾ ಚಿಪ್ ಕಂಪನಿಯಲ್ಲಿರುವ ಕುಟುಂಬಗಳು ಇಲ್ಲಿ ಎಷ್ಟೋ ಇವೆ. ‘ನನ್ನ ಮನಸ್ಸು ಶುದ್ಧವಾಗಿದೆ, ನಾನು ನಿಷ್ಪಕ್ಷಪಾತವಾಗಿ ನೋಡಬಲ್ಲೆ’ ಎಂಬುದು ಇಲ್ಲಿ ಉತ್ತರವಾಗುವುದಿಲ್ಲ. ನಿಯಮ ಕೇಳುವುದು ಮನಸ್ಸನ್ನಲ್ಲ, ಕಡತದಿಂದ ಹಿಂದೆ ಸರಿದ ಒಂದು ಟಿಪ್ಪಣಿಯನ್ನು.

2014ರಲ್ಲಿ 3ನೇ ನಿಯಮಕ್ಕೆ ಸೇರಿದ ಸಾಲುಗಳನ್ನೂ ಓದಬೇಕು. ಸಾರ್ವಜನಿಕ ಕರ್ತವ್ಯಕ್ಕೆ ಸಂಬಂಧಿಸಿದ ಖಾಸಗಿ ಹಿತಾಸಕ್ತಿಯನ್ನು ಘೋಷಿಸಬೇಕು, ಬಹಿರಂಗವಾದರೆ ಯಾರಿಗಾದರೂ ಅಕ್ರಮ ಲಾಭವಾಗುವಂಥ ಮಾಹಿತಿಯನ್ನು ಕಾಪಾಡಬೇಕು ಎಂದು ಅಲ್ಲಿದೆ. 11ನೇ ನಿಯಮ ಅಧಿಕೃತ ದಾಖಲೆಯನ್ನು ಅನುಮತಿಯಿಲ್ಲದೆ ಹೊರಗೆ ಕೊಡುವುದನ್ನು ತಡೆಯುತ್ತದೆ. ಅದೇ ನಿಯಮ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದ್ದನ್ನು ಕೊಡಬೇಕು ಎಂದೂ ಹೇಳುತ್ತದೆ. ರಹಸ್ಯವೆಂದು ವರ್ಗೀಕರಿಸಿದ ಕಾಗದ ಹೊರಬಿದ್ದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ 5ನೇ ಕಲಮಿನಡಿ 3 ವರ್ಷದವರೆಗೆ ಜೈಲು ಆಗಬಹುದು.

ಕಾರ್ಯತಂಡದ ತಾಂತ್ರಿಕ ಸದಸ್ಯರು ಎದುರಿಸುವ ಒಂದು ಸೂಕ್ಷ್ಮ ಸಂಕಟವೂ ಇದೆ. ತಮ್ಮದೇ ಪ್ರಯೋಗಾಲಯ ಬಹುದಿನದಿಂದ ಒದ್ದಾಡುತ್ತಿರುವ ಸಮಸ್ಯೆಗೆ ಅರ್ಜಿದಾರನ ನಕ್ಷೆಯಲ್ಲಿ ಉತ್ತರ ಕಾಣಬಹುದು. ನೋಡಿದ್ದನ್ನು ಮರೆಯಲು ಯಾರಿಗೂ ಸಾಧ್ಯವಿಲ್ಲ, ಆದರೆ ನಕ್ಷೆಯ ಪ್ರತಿ ಪ್ರಯೋಗಾಲಯಕ್ಕೆ ಹೋಗದಂತೆ ನೋಡಿಕೊಳ್ಳಲು ಸಾಧ್ಯ. ಪರಿಶೀಲನೆಗೆ ಕೊಟ್ಟದ್ದನ್ನು ಪರಿಶೀಲನೆಗೆ ಮಾತ್ರ ಬಳಸಬೇಕು.

ನಿವೃತ್ತಿಯ ನಂತರದ ಮಾತು. ಎ ಗುಂಪಿನ ಅಧಿಕಾರಿ ನಿವೃತ್ತಿಯಾದ 1 ವರ್ಷದೊಳಗೆ ಸರ್ಕಾರದ ಅನುಮತಿ ಇಲ್ಲದೆ ಖಾಸಗಿ ವಾಣಿಜ್ಯ ಉದ್ಯೋಗಕ್ಕೆ ಸೇರುವಂತಿಲ್ಲ. ಅಂಥವರನ್ನು ಸಲಹೆಗಾರರಾಗಿ ತೆಗೆದುಕೊಳ್ಳುವ ಕಂಪನಿಗಳು ಅನುಮತಿ ಪತ್ರ ಕೇಳಿ ಕಡತದಲ್ಲಿಡಬೇಕು.

ಹೆಜ್ಜೆ 9: ಯಾರಾದರೂ 10 ರೂಪಾಯಿಯ ಅರ್ಜಿ ಹಾಕಿದರೆ

ಮಾಹಿತಿ ಹಕ್ಕಿನಡಿ ನಿಮ್ಮ ಪರವಾನಗಿಯ ಕಡತವನ್ನು ಯಾವ ನಾಗರಿಕನೂ ಕೇಳಬಹುದು. ಅದು ಒಳ್ಳೆಯ ಕಾನೂನು, ಅದನ್ನು ಶತ್ರುವಿನಂತೆ ನೋಡಬೇಡಿ. ಕಾಯ್ದೆಯಲ್ಲೇ ರಕ್ಷಣೆ ಇದೆ. 8(1)(ಎ) ದೇಶದ ಭದ್ರತೆ, ಆಯಕಟ್ಟಿನ ಹಿತ ಮತ್ತು ವಿದೇಶಿ ಸಂಬಂಧಗಳಿಗೆ, 8(1)(ಡಿ) ವಾಣಿಜ್ಯ ಗುಟ್ಟು ಮತ್ತು ಬೌದ್ಧಿಕ ಆಸ್ತಿಗೆ ಅನ್ವಯಿಸುತ್ತದೆ.

ನಿಮ್ಮ ಮಾಹಿತಿಯನ್ನು ಕೊಡಲು ಅಧಿಕಾರಿ ಯೋಚಿಸಿದರೆ, ಅರ್ಜಿ ಬಂದ 5 ದಿನಗಳಲ್ಲಿ ನಿಮಗೆ ನೋಟಿಸ್ ಕಳುಹಿಸಬೇಕು. ನೋಟಿಸ್ ಕೈಸೇರಿದ ದಿನದಿಂದ 10 ದಿನಗಳಲ್ಲಿ ನೀವು ಉತ್ತರಿಸಬೇಕು. ಅರ್ಜಿ ಬಂದ 40 ದಿನಗಳೊಳಗೆ ತೀರ್ಮಾನ ಆಗಬೇಕು. ಈ ಹತ್ತು ದಿನ ಕಳೆದುಕೊಂಡವರೇ ಹೆಚ್ಚು, ಏಕೆಂದರೆ ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿರುತ್ತದೆ. ಐಇಸಿಯಲ್ಲಿನ ವಿಳಾಸ ಮತ್ತು ಇಮೇಲ್ ಸರಿಯಾಗಿದೆಯೇ ಎಂದು ಇಂದೇ ನೋಡಿ.

ಉತ್ತರದಲ್ಲಿ ‘ಎಲ್ಲವನ್ನೂ ನಿರಾಕರಿಸಿ’ ಎಂದು ಬರೆಯಬೇಡಿ. ಯಾವ ಪುಟ ಕೊಡಬಹುದು, ಯಾವುದು ಬೇಡ, ಏಕೆ ಎಂದು ಬರೆಯಿರಿ. ಗೋಪ್ಯ ಭಾಗ ತೆಗೆದು ಉಳಿದದ್ದನ್ನು ಕೊಡುವ ಅವಕಾಶ 10ನೇ ಕಲಮಿನಲ್ಲಿದೆ, 4ನೇ ಹೆಜ್ಜೆಯ ಎರಡು ಕಟ್ಟು ಉಪಯೋಗಕ್ಕೆ ಬರುವುದು ಇಲ್ಲಿಯೇ. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳಲ್ಲಿ ಮೇಲ್ಮನವಿ ಹಾಕಬಹುದು. ಸಾರ್ವಜನಿಕ ಹಿತ ದೊಡ್ಡದೆಂದು ಕಂಡರೆ ಗೋಪ್ಯ ಮಾಹಿತಿಯನ್ನೂ ಕೊಡಲು ಕಾಯ್ದೆ ದಾರಿ ಬಿಟ್ಟಿದೆ ಎಂಬುದು ನೆನಪಿರಲಿ. ಒಬ್ಬ ರಫ್ತುದಾರನ ಸರಕಿನಿಂದ ಜನರಿಗೆ ಅಪಾಯ ಒದಗಿದ್ದರೆ, ಅವನ ಗುಟ್ಟು ಗುಟ್ಟಾಗಿ ಉಳಿಯಬಾರದು ಎಂದೇ ನನ್ನ ಅಭಿಪ್ರಾಯ ಕೂಡ.

ಹೆಜ್ಜೆ 10: ಕಸ್ಟಮ್ಸ್ ದತ್ತಾಂಶ

ಪರವಾನಗಿ ಕಡತ ಕಾಪಾಡಿದರೂ ಸರಕು ಬಂದರಿಗೆ ಹೋದಾಗ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್‌ನಲ್ಲಿ ದರ, ಪ್ರಮಾಣ, ಖರೀದಿದಾರ ಎಲ್ಲವೂ ಇರುತ್ತದೆ. ಇಂಥ ವಿವರ ಮಾರುವವರು ನಿಮಗೂ ಇಮೇಲ್ ಕಳುಹಿಸಿರಬಹುದು. 2022ರಲ್ಲಿ ಕಸ್ಟಮ್ಸ್ ಕಾಯ್ದೆಗೆ ಸೇರಿದ 135ಎಎ ಕಲಮಿನ ಪ್ರಕಾರ, ಕಾನೂನಿನ ಅಗತ್ಯವಿಲ್ಲದೆ ರಫ್ತುದಾರರ ವಿವರ, ಸರಕಿನ ಮೌಲ್ಯ, ವರ್ಗೀಕರಣ, ಪ್ರಮಾಣಗಳನ್ನು ಪ್ರಕಟಿಸಿದರೆ 6 ತಿಂಗಳವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅಂಥ ಪಟ್ಟಿಯನ್ನು ನೀವೂ ಕೊಳ್ಳಬೇಡಿ. ಇನ್ನೊಬ್ಬರ ಗುಟ್ಟಿಗೆ ಹಣ ಕೊಟ್ಟವರು ತಮ್ಮ ಗುಟ್ಟು ಸೋರಿತೆಂದು ದೂರುವುದು ಹೇಗೆ?

ಹೆಜ್ಜೆ 11: ಪರವಾನಗಿ ಬಂದ ನಂತರ

ಅರ್ಜಿ, ಪತ್ರವ್ಯವಹಾರ, ಒಪ್ಪಂದ, ಹಣದ ದಾಖಲೆ ಎಲ್ಲವನ್ನೂ ಕನಿಷ್ಠ 5 ವರ್ಷ ಇಟ್ಟಿರಬೇಕು. ಬೀಗ ಹಾಕಿದ ಕಪಾಟಿನಲ್ಲಿಡಿ, ಯಾರು ಯಾವಾಗ ತೆಗೆದರು ಎಂಬ ಪುಸ್ತಕ ಇರಲಿ. ನೌಕರಿ ಬಿಡುವವರ ಲಾಗಿನ್ ಅದೇ ಸಂಜೆ ಮುಚ್ಚಿ. ಏಜೆಂಟರಿಗೆ ಪರವಾನಗಿಯ ಪ್ರತಿ ಸಾಕು, ನಕ್ಷೆ ಬೇಕಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಕಷ್ಟದ್ದು. ಸರಕು ತಲುಪಿ ಎಂಟು ತಿಂಗಳಾದ ಮೇಲೆ ಖರೀದಿದಾರನಿಂದ ಸಹಜವಾಗಿ ಒಂದು ಇಮೇಲ್ ಬರುತ್ತದೆ: ಕವಾಟಗಳನ್ನು ನಮ್ಮ ಇನ್ನೊಂದು ಕಾರ್ಖಾನೆಗೆ ಸಾಗಿಸಿದ್ದೇವೆ, ಬಿಡಿಭಾಗಗಳನ್ನು ಆ ವಿಳಾಸಕ್ಕೆ ಕಳುಹಿಸಿ. ಆ ವಿಳಾಸ ಬೇರೆ ದೇಶದ್ದು. ಅಂತಿಮ ಬಳಕೆ ಪ್ರಮಾಣಪತ್ರದಲ್ಲಿ ಬರೆದುಕೊಟ್ಟ ಮಾತು ಆ ಸಾಲಿನಲ್ಲೇ ಮುರಿದಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯದು, ಒಳ್ಳೆಯ ಗ್ರಾಹಕ ಉಳಿಯುತ್ತಾನೆ. ಗೋಪ್ಯತಾ ಒಪ್ಪಂದವನ್ನು ಅಡ್ಡ ತರಬೇಡಿ, 2ನೇ ಹೆಜ್ಜೆಯಲ್ಲಿ ಸೇರಿಸಿದ ಸಾಲು ಇದ್ದದ್ದೇ ಈ ದಿನಕ್ಕಾಗಿ. ಬಿಡಿಭಾಗಗಳ ಸಾಗಣೆ ನಿಲ್ಲಿಸಿ, ಇಮೇಲನ್ನು ಅಳಿಸದೆ ಮುದ್ರಿಸಿ ಕಡತಕ್ಕೆ ಸೇರಿಸಿ, ಪರವಾನಗಿ ಸಂಖ್ಯೆ ನಮೂದಿಸಿ ಅದೇ ದಿನ ಡಿಜಿಎಫ್‌ಟಿಗೆ ಬರೆಯಿರಿ. ಅವರ ಲಿಖಿತ ಉತ್ತರ ಬರುವವರೆಗೆ ಒಂದು ತಿರುಪು ಮೊಳೆಯನ್ನೂ ಕಳುಹಿಸಬೇಡಿ.